ಮೊದಲ ಪ್ರಶ್ನೆ: ಗರ್ಭ ಎಲ್ಲಿ ನಿಂತಿದೆ?

ಗರ್ಭದ ಮೊದಲ ಮೂರು ತಿಂಗಳ ಬ್ಲೀಡಿಂಗ್ ಅಂದ ತಕ್ಷಣ ನಾವು ನರ್ಸ್‌ಗಳೆಲ್ಲ ಗರ್ಭಪಾತದ ವಿಧಗಳನ್ನು ಬಾಯಿಪಾಠ ಒಪ್ಪಿಸುತ್ತೇವೆ. ಥ್ರೆಟೆಂಡ್, ಇನೆವಿಟಬಲ್, ಇನ್‌ಕಂಪ್ಲೀಟ್, ಕಂಪ್ಲೀಟ್, ಮಿಸ್ಡ್. ಎಕ್ಟೋಪಿಕ್, ಅಂದರೆ ಗರ್ಭಕೋಶದ ಹೊರಗೆ ನಿಂತ ಗರ್ಭ, ಆಮೇಲೆ ಬರುವ ಪಾಠ. ರೋಗಿ ಎದುರಿಗಿದ್ದಾಗ ಈ ಕ್ರಮವನ್ನು ತಿರುಗಿಸಿಕೊಳ್ಳಿ. ಹೆರುವ ವಯಸ್ಸಿನ ಹೆಣ್ಣುಮಗಳಿಗೆ ಹೊಟ್ಟೆನೋವು ಅಥವಾ ಬ್ಲೀಡಿಂಗ್ ಇದ್ದರೆ ಮೊದಲು ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್. ಅದು ಪಾಸಿಟಿವ್ ಬಂದರೆ, ಗರ್ಭ ಎಲ್ಲಿದೆ ಅನ್ನುವುದೇ ಮೊದಲ ಪ್ರಶ್ನೆ. ಗರ್ಭಕೋಶದ ಒಳಗೇ ಇದೆ ಎಂದು ಸ್ಕ್ಯಾನಿಂಗ್ ತೋರಿಸುವವರೆಗೆ ಗರ್ಭಪಾತ ಎಂದು ಬರೆಯಬೇಡಿ.

ನೂರು ಗರ್ಭಗಳಲ್ಲಿ ಒಂದೆರಡು ಎಕ್ಟೋಪಿಕ್ ಆಗುತ್ತವೆ. ಅವುಗಳಲ್ಲಿ ಶೇ. 90ಕ್ಕಿಂತ ಜಾಸ್ತಿ ನಿಲ್ಲುವುದು ಗರ್ಭನಾಳದಲ್ಲಿ, ಅದರಲ್ಲೂ ಆಂಪುಲ್ಲಾ ಎಂಬ ಅಗಲವಾದ ಭಾಗದಲ್ಲಿ. ನಾಳದ ಒಳಗಿನ ಸಣ್ಣ ರೋಮಗಳು ಭ್ರೂಣವನ್ನು ಗರ್ಭಕೋಶದ ಕಡೆ ತಳ್ಳಬೇಕು. ಹಳೆಯ ಸೋಂಕು, ಆಪರೇಷನ್, ಸಿಗರೇಟು, ನಮ್ಮ ದೇಶದಲ್ಲಿ ಜನನಾಂಗದ ಟಿಬಿ ಕೂಡ, ಈ ದಾರಿಯನ್ನು ಕೆಡಿಸುತ್ತವೆ. ಆದರೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ. ಹಾಗಾಗಿ ಕಾರಣ ಸಿಗಲಿಲ್ಲ ಎಂದು ಅನುಮಾನ ಬಿಡಬಾರದು.

ಎರಡು ಮಾತು ಕೇಳಿದರೆ ಎಚ್ಚರವಾಗಿ. ಒಂದು, 'ನಂದು ಮಕ್ಕಳಾಗದ ಆಪರೇಷನ್ ಆಗಿದೆ ಸಿಸ್ಟರ್.' ಆಪರೇಷನ್ ಆದ ಮೇಲೆ ಗರ್ಭ ನಿಲ್ಲುವುದು ಅಪರೂಪ, ನಿಜ. ಆದರೆ ನಿಂತರೆ ಸುಮಾರು ಮೂರರಲ್ಲಿ ಒಂದು ಎಕ್ಟೋಪಿಕ್. ವಂಕಿ (ಕಾಪರ್-ಟಿ) ಹಾಕಿಸಿಕೊಂಡವರಲ್ಲೂ ಇದೇ ಲೆಕ್ಕಾಚಾರ: ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ನಿಂತರೆ ಹೊರಗೆ ನಿಂತಿರುವ ಅನುಮಾನ ಜಾಸ್ತಿ. ಎರಡನೆಯದು, 'ಮೆಡಿಕಲ್‌ನಲ್ಲಿ ಮಾತ್ರೆ ತಗೊಂಡೆ, ಬ್ಲೀಡಿಂಗ್ ಆಯ್ತು.' ಗರ್ಭ ತೆಗೆಸುವ ಮಾತ್ರೆ ನಾಳದಲ್ಲಿರುವ ಗರ್ಭವನ್ನು ಹೊರಹಾಕುವುದಿಲ್ಲ. ಗರ್ಭಕೋಶದ ಒಳಪದರ ಕಳಚಿ ಬ್ಲೀಡಿಂಗ್ ಆಗುತ್ತದೆ, ಆಕೆ ಎಲ್ಲ ಮುಗೀತು ಅಂದುಕೊಳ್ಳುತ್ತಾಳೆ. ಇತ್ತ ನಾಳದಲ್ಲಿ ಗರ್ಭ ಬೆಳೆಯುತ್ತಲೇ ಇರುತ್ತದೆ. ಸ್ಕ್ಯಾನ್ ಇಲ್ಲದೆ ಸುಮ್ನೆ ಮಾತ್ರೆ ನುಂಗುವುದು ಇದಕ್ಕೇ ಅಪಾಯ.

ಲಕ್ಷಣಗಳು ಪುಸ್ತಕದಲ್ಲಿ ಇದ್ದಂತೆ ಬರುವುದಿಲ್ಲ. ಮುಟ್ಟು ನಿಂತು ಆರರಿಂದ ಎಂಟು ವಾರ, ಒಂದು ಕಡೆ ಕಿಬ್ಬೊಟ್ಟೆ ನೋವು, ಸ್ವಲ್ಪ ಕಪ್ಪು ರಕ್ತ. ಎಷ್ಟೋ ಜನ ಆ ರಕ್ತವನ್ನೇ ಮುಟ್ಟು ಅಂದುಕೊಂಡಿರುತ್ತಾರೆ. ಅದಕ್ಕೇ 'ಕೊನೆಯ ಮುಟ್ಟು ಯಾವಾಗ' ಎಂದು ಕೇಳಿ ನಿಲ್ಲಿಸಬೇಡಿ. 'ಆ ಸಲ ಎಂದಿನ ಹಾಗೇ ಹೋಯಿತಾ?' ಎಂದೂ ಕೇಳಿ. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿದರೆ ಅದು ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಕೆರಳಿಸುತ್ತದೆ. ವಪೆಯ ನರ ಮತ್ತು ಭುಜದ ಚರ್ಮದ ನರ ಒಂದೇ ಬೇರಿನಿಂದ ಬರುವುದರಿಂದ ನೋವು ಭುಜದ ತುದಿಯಲ್ಲಿ ಕಾಣಿಸುತ್ತದೆ. ರೋಗಿ ಅದನ್ನು ಗ್ಯಾಸ್ಟ್ರಿಕ್ ಅನ್ನುತ್ತಾಳೆ. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಇದ್ದು ಭುಜ ನೋವು, ತಲೆಸುತ್ತು ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಒಪ್ಪಬೇಡಿ. ಬಿಪಿ ಸರಿ ಇದೆ ಎಂದು ಸಮಾಧಾನವೂ ಬೇಡ. ವಯಸ್ಸಿನ ಹುಡುಗಿಯರ ದೇಹ ತುಂಬಾ ಹೊತ್ತು ತಡೆದುಕೊಳ್ಳುತ್ತದೆ, ಬಿಪಿ ಇಳಿಯುವಷ್ಟರಲ್ಲಿ ಲೀಟರಿಗೂ ಹೆಚ್ಚು ರಕ್ತ ಹೋಗಿರಬಹುದು.

ಇನ್ನು ಎಚ್‌ಸಿಜಿ, ಅಂದರೆ ರಕ್ತದಲ್ಲಿ ಅಳೆಯುವ ಗರ್ಭದ ಹಾರ್ಮೋನ್. 48 ಗಂಟೆಗೆ ದುಪ್ಪಟ್ಟಾಗಬೇಕು ಎಂದು ನಾವು ಕಲಿತಿದ್ದೇವೆ, ಅಲ್ವಾ? ಅಷ್ಟು ಬಿಗಿಯಾಗಿ ಹಿಡಿಯಬೇಡಿ. ಮೊದಲ ಅಳತೆ ಲೀಟರಿಗೆ 1500 ಯೂನಿಟ್‌ಗಿಂತ ಕಡಿಮೆ ಇದ್ದರೆ, ಗರ್ಭಕೋಶದೊಳಗಿನ ಆರೋಗ್ಯವಂತ ಗರ್ಭದಲ್ಲಿ ಎರಡು ದಿನಕ್ಕೆ ಕನಿಷ್ಠ ಶೇ. 49ರಷ್ಟಾದರೂ ಏರಬೇಕು. ಅಂದರೆ 800 ಇದ್ದದ್ದು ಸುಮಾರು 1190 ದಾಟಬೇಕು. 950ಕ್ಕೆ ನಿಂತರೆ ಏನೋ ಸರಿಯಿಲ್ಲ: ಕೆಡುತ್ತಿರುವ ಗರ್ಭ ಇರಬಹುದು, ಎಕ್ಟೋಪಿಕ್ ಇರಬಹುದು. ಕೆಲವು ಎಕ್ಟೋಪಿಕ್‌ಗಳಲ್ಲಿ ಅಂಕಿ ನಾರ್ಮಲ್ ಹಾಗೇ ಏರುವುದೂ ಉಂಟು. ಹಾಗಾಗಿ ಅಂಕಿಯೊಂದನ್ನೇ ನಂಬದೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಜೊತೆಗಿಟ್ಟು ಓದಬೇಕು. ಗರ್ಭಕೋಶದಲ್ಲಿ ಬರೀ ಒಂದು ಚೀಲ ಕಂಡರೆ ಸಾಲದು, ಎಕ್ಟೋಪಿಕ್‌ನಲ್ಲೂ ಅಂಥ ಹುಸಿ ಚೀಲ ಕಾಣಬಹುದು. ಒಳಗೆ ಯೋಕ್ ಸ್ಯಾಕ್ (ಭ್ರೂಣಕ್ಕೆ ಅಂಟಿಕೊಂಡ ಪುಟ್ಟ ಚೀಲ) ಅಥವಾ ಭ್ರೂಣ ಕಂಡರೆ ಮಾತ್ರ ಖಚಿತ.

ಚಿಕಿತ್ಸೆಯಲ್ಲಿ ಶಾಕ್ ಆಗಿರುವವರದು ನೇರ ದಾರಿ: ಎರಡು ದಪ್ಪ ಕ್ಯಾನುಲಾ, ಬ್ಲಡ್ ಗ್ರೂಪಿಂಗ್ ಮತ್ತು ಕ್ರಾಸ್‌ಮ್ಯಾಚ್, ಓಟಿ. ಒಡೆದ ನಾಳವನ್ನು ತೆಗೆದು ರೋಗಿಯನ್ನು ಉಳಿಸಬಹುದು ಎಂದು ಸರ್ಜನ್ ಲಾಸನ್ ಟೇಟ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತೋರಿಸಿದ್ದು 1883ರಲ್ಲಿ. ಅದಕ್ಕೂ ಮುಂಚೆ ನಾಳ ಒಡೆದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು.

ನಾಳ ಒಡೆದಿಲ್ಲ, ರೋಗಿ ಸ್ಥಿರವಾಗಿದ್ದಾಳೆ, ಭ್ರೂಣದ ಹೃದಯ ಬಡಿತ ಇಲ್ಲ, ಎಚ್‌ಸಿಜಿ ಕಡಿಮೆ ಇದೆ, ತಪಾಸಣೆಗೆ ಮತ್ತೆ ಮತ್ತೆ ಬರಬಲ್ಲಳು ಎಂದಾದರೆ, ಗರ್ಭದ ಕೋಶಗಳು ಬೆಳೆಯದಂತೆ ತಡೆಯುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಡುವುದುಂಟು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 50 ಮಿಲಿಗ್ರಾಂ. ಇಲ್ಲಿ ನಮ್ಮ ಕೆಲಸ ತುಂಬಾ ಇದೆ. ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಲು ಹೇಳಬೇಕು, ಅದು ಈ ಔಷಧದ ಕೆಲಸಕ್ಕೆ ಅಡ್ಡ ಬರುತ್ತದೆ. ಗರ್ಭಿಣಿ ಅಂದ ಕೂಡಲೇ ಆ ಮಾತ್ರೆ ಶುರುವಾಗಿರುತ್ತದೆ, ಬಿಡಿಸುವುದು ಯಾರಿಗೂ ನೆನಪಾಗುವುದಿಲ್ಲ. ನಾಲ್ಕನೇ ದಿನ ಎಚ್‌ಸಿಜಿ ಏರಿದ್ದರೆ ಗಾಬರಿ ಬೇಡ. ನಾಲ್ಕರಿಂದ ಏಳನೇ ದಿನದೊಳಗೆ ಕನಿಷ್ಠ ಶೇ. 15 ಇಳಿಯಿತಾ ಅನ್ನುವುದು ಮುಖ್ಯ. ಆಮೇಲೂ ಪೂರ್ತಿ ಇಳಿಯುವವರೆಗೆ ವಾರಕ್ಕೊಮ್ಮೆ ನೋಡಬೇಕು.

ಬ್ಲಡ್ ಗ್ರೂಪ್ ನೆಗೆಟಿವ್ ಇದ್ದರೆ ಆಂಟಿ-ಡಿ (ಮುಂದಿನ ಮಗುವಿನ ರಕ್ತಕ್ಕೆ ತೊಂದರೆಯಾಗದಂತೆ ಕೊಡುವ ಇಂಜೆಕ್ಷನ್) ಕೊಡಬೇಕಾ ಎಂದು ಡಾಕ್ಟರನ್ನು ಕೇಳಿ. ಗಡಿಬಿಡಿಯಲ್ಲಿ ತಪ್ಪಿಹೋಗುವುದು ಇದೇ. ಡಿಸ್ಚಾರ್ಜ್ ಆಗುವಾಗ ಮತ್ತೊಂದು ಮಾತು ಹೇಳಿ ಕಳಿಸಿ. ಒಮ್ಮೆ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಆಗಬಹುದು. ಆದ್ದರಿಂದ ಮುಂದಿನ ಸಲ ಮುಟ್ಟು ನಿಂತ ಕೂಡಲೇ ಟೆಸ್ಟ್, ಆರನೇ ವಾರದ ಹೊತ್ತಿಗೆ ಸ್ಕ್ಯಾನ್. ಇದನ್ನು ಗಂಡನಿಗೋ ತಾಯಿಗೋ ಅಲ್ಲ, ಆಕೆಗೇ ಹೇಳಿ, ಚೀಟಿಯಲ್ಲೂ ಬರೆದುಕೊಡಿ.