ದಂಡನಾಯಕನಾಗಲು ಕಾದ ರಾಜಕುಮಾರ

ದೆಹಲಿ ಮೆಟ್ರೊದಲ್ಲಿ ‘ರಾಜೀವ್ ಚೌಕ್’ ಎಂದು ಕೂಗುತ್ತಾರೆ. ಇಳಿದು ಮೇಲೆ ಬಂದರೆ ಆಟೊದವನಿಗೂ ಚಾಟ್ ಮಾರುವವನಿಗೂ ಅದು ಈಗಲೂ ಸಿ.ಪಿ., ಅಂದರೆ ಕನಾಟ್ ಪ್ಲೇಸ್. 1995ರಲ್ಲಿ ಇಟ್ಟ ಹೊಸ ಹೆಸರು ಕಾಗದದಲ್ಲಿ ನಿಂತಿತು, ಬಾಯಿಗೆ ಹತ್ತಲಿಲ್ಲ. ಈ ಕನಾಟ್ ಯಾರು ಅಂದರೆ ವಿಕ್ಟೋರಿಯಾ ರಾಣಿಯ ಮೂರನೆಯ ಮಗ ಆರ್ಥರ್, ಕನಾಟಿನ ಡ್ಯೂಕ್. ನಲವತ್ತು ವರ್ಷ ಸೈನ್ಯದಲ್ಲಿ ದುಡಿದು, ತನಗೆ ಬೇಕಿದ್ದ ಒಂದೇ ಒಂದು ಹುದ್ದೆ ಸಿಗದೆ ಹೋದವನು.

ಆ ಹುದ್ದೆಯ ಕಥೆ ಅವನು ಹುಟ್ಟಿದ ವರ್ಷವೇ ಶುರುವಾಗಿತ್ತು. 1850ರ ಮೇ 1ರಂದು ಅವನು ಹುಟ್ಟಿದಾಗ ಬ್ರಿಟಿಷ್ ಸೈನ್ಯದ ಕಮಾಂಡರ್-ಇನ್-ಚೀಫ್, ಅಂದರೆ ದಂಡನಾಯಕ, ಆಗಿದ್ದವನು ವೆಲಿಂಗ್ಟನ್ ಡ್ಯೂಕ್, ಆರ್ಥರ್ ವೆಲ್ಲೆಸ್ಲಿ. ಅವನಿಗೆ ಅಂದೇ ಎಂಬತ್ತೊಂದು ತುಂಬಿತ್ತು. ಹಾಗಾಗಿ ಮಗುವಿಗೆ ಅವನದೇ ಹೆಸರಿಟ್ಟರು, ಅವನನ್ನೇ ಧರ್ಮಪಿತನನ್ನಾಗಿ ಮಾಡಿದರು. ಈ ವೆಲ್ಲೆಸ್ಲಿ ನಮಗೆ ಅಪರಿಚಿತನೇನಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದು ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದವನು, ಮರುವರ್ಷ ಧೊಂಡಿಯ ವಾಘನನ್ನು ಬೆನ್ನಟ್ಟಿ ಮುಗಿಸಿದವನು ಇವನೇ.

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ವಿಂಟರ್‌ಹಾಲ್ಟರ್ ಬರೆದ ಚಿತ್ರವೊಂದಿದೆ. ತಾಯಿಯ ತೊಡೆಯ ಮೇಲಿನ ಕೂಸು ಪುಟ್ಟ ಹೂಗೊಂಚಲು ಚಾಚಿದೆ. ನರೆತ ಮುದುಕ ಬಾಗಿ ಉಡುಗೊರೆಯ ಪೆಟ್ಟಿಗೆ ಒಪ್ಪಿಸುತ್ತಿದ್ದಾನೆ. ದೂರದಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಕಟ್ಟಿದ ಗಾಜಿನ ಅರಮನೆ. ಕೂಸಿನ ಹಣೆಬರಹವನ್ನು ಅಲ್ಲಿಯೇ ಬರೆದುಬಿಟ್ಟರು ಅನ್ನಿಸುತ್ತದೆ.

ತನ್ನ ನಂತರ ರಾಣಿಯ ಗಂಡ ಆಲ್ಬರ್ಟನೇ ಸೈನ್ಯದ ಚುಕ್ಕಾಣಿ ಹಿಡಿಯಲಿ ಎಂದು ವೆಲಿಂಗ್ಟನ್ ಅದೇ 1850ರಲ್ಲಿ ಕೇಳಿದ್ದ. ಆಲ್ಬರ್ಟ್ ಒಲ್ಲೆ ಎಂದ. ಆದರೆ 1856ರಲ್ಲಿ ಆ ಗದ್ದುಗೆ ರಾಣಿಯ ದಾಯಾದಿ ಕೇಂಬ್ರಿಜ್ ಡ್ಯೂಕ್ ಜಾರ್ಜ್‌ಗೆ ಸಿಕ್ಕಿತು. ಆತ ಮೂವತ್ತೊಂಬತ್ತು ವರ್ಷ ಅಲ್ಲಿಂದ ಏಳಲೇ ಇಲ್ಲ. ಸುಧಾರಣೆ ಎಂಬ ಮಾತು ಕಿವಿಗೆ ಬಿದ್ದರೆ ಅವನಿಗೆ ಮೈ ಉರಿಯುತ್ತಿತ್ತು. ಸೈನ್ಯದ ಮೇಲೆ ಹತೋಟಿ ಯಾರದು, ಅರಮನೆಯದೋ ಪಾರ್ಲಿಮೆಂಟಿನದೋ ಎಂಬ ಜಗಳ ಆ ಕುರ್ಚಿಗೇ ಅಂಟಿಕೊಂಡಿತು. ಆರ್ಥರನ ಬಾಳನ್ನು ಕಟ್ಟಿಹಾಕಿದ್ದು ಈ ಜಗಳ, ಅವನ ಅಸಾಮರ್ಥ್ಯವಲ್ಲ.

ಅವನು ಹೆಸರಿಗಷ್ಟೇ ಸೈನಿಕನಾಗಿರಲಿಲ್ಲ. ವೂಲಿಚ್ ಅಕಾಡೆಮಿಯಲ್ಲಿ ಕಲಿತು 1868ರಲ್ಲಿ ರಾಯಲ್ ಎಂಜಿನಿಯರ್ಸ್ ಸೇರಿದ. ಮುಂದೆ ರೈಫಲ್ ಬ್ರಿಗೇಡಿನ ಜೊತೆ ಕೆನಡಾಕ್ಕೆ ಹೋದ. 1882ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಈಜಿಪ್ಟಿನ ತೆಲ್-ಎಲ್-ಕಬೀರ್‌ನಲ್ಲಿ ಕಾಳಗ. ಸೈನ್ಯ ರಾತ್ರಿಯಿಡೀ ಮರಳಲ್ಲಿ ಸದ್ದಿಲ್ಲದೆ ನಡೆದು ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ದಂಗೆಯೆದ್ದ ನಾಯಕ ಅರಾಬಿ ಪಾಷಾನ ಕಂದಕಗಳ ಮೇಲೆ ಬಿದ್ದಿತ್ತು. ಗಾರ್ಡ್ಸ್ ಬ್ರಿಗೇಡಿನ ಮುಖ್ಯಸ್ಥ ಆರ್ಥರ್, ನಿಂತದ್ದು ಎರಡನೆಯ ಸಾಲಿನಲ್ಲಿ. ಇಡೀ ದಂಡಿನ ನಾಯಕ ಜನರಲ್ ವೂಲ್ಸ್ಲಿ. ಈ ಹೆಸರು ನೆನಪಿರಲಿ.

ಆಮೇಲೆ ಭಾರತ. ಮೊದಲು ಮೀರತ್, 1886ರಿಂದ 1890ರವರೆಗೆ ಬಾಂಬೆ ಸೇನೆಯ ಸೇನಾಧಿಪತಿ. ಬೆಳಗಾವಿಯ ದಂಡು ಆಗ ಬಾಂಬೆ ಸೇನೆಗೆ ಸೇರಿದ್ದು, ಬೆಂಗಳೂರಿನದು ಮದ್ರಾಸಿನದು. ಇಡೀ ಭಾರತದ ಸೇನಾಧಿಪತ್ಯವೇ ಮಗನಿಗೆ ಸಿಗಲಿ ಎಂಬುದು ರಾಣಿಯ ಆಸೆ. ಮಂತ್ರಿಗಳು ಬಗ್ಗಲಿಲ್ಲ. ಆ ಹುದ್ದೆಯವನು ವೈಸರಾಯ್ ಕೌನ್ಸಿಲಿನ ಸದಸ್ಯನೂ ಹೌದು. ಅಲ್ಲಿ ರಾಣಿಯ ಮಗ ಕುಳಿತರೆ ಅವನ ಮಾತಿಗೆ ಇಲ್ಲ ಅನ್ನುವವರು ಯಾರು?

1895ರ ಜೂನ್ 21ರಂದು ಕೇಂಬ್ರಿಜ್ ಡ್ಯೂಕ್ ಕೆಳಗಿಳಿಯುವ ಸುದ್ದಿ ಪಾರ್ಲಿಮೆಂಟಿನಲ್ಲಿ ಹೊರಬಿತ್ತು. ತಮಾಷೆಯೆಂದರೆ, ಅವನನ್ನು ಇಳಿಸಿದ ಸರ್ಕಾರವೂ ಅದೇ ದಿನ ತೋಟಾಮದ್ದಿನ ದಾಸ್ತಾನಿನ ವಿಚಾರಕ್ಕೆ ಮತದಲ್ಲಿ ಸೋತು ಬಿತ್ತು. ಆರ್ಥರ್ ಆಗ ಆಲ್ಡರ್‌ಶಾಟ್‌ನಲ್ಲಿ, ಸೈನ್ಯದ ಅತಿ ಮುಖ್ಯ ತಾಣದಲ್ಲಿ ಇದ್ದ. ಕುರ್ಚಿ ಹೋದದ್ದು ವೂಲ್ಸ್ಲಿಗೆ. ಐದು ವರ್ಷ ಬಿಟ್ಟು ರಾಬರ್ಟ್ಸ್‌ಗೆ. ರಾಬರ್ಟ್ಸ್ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಹೊರಟಾಗ ಅವನು ಬಿಟ್ಟುಹೋದ ಐರ್ಲೆಂಡಿನ ಸೇನಾಧಿಪತಿಯ ಜಾಗವನ್ನು ಆರ್ಥರ್‌ಗೆ ಕೊಟ್ಟಿದ್ದರು, ಯುದ್ಧವನ್ನಲ್ಲ. 1902ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. 1904ರಲ್ಲಿ ಸೈನ್ಯದ ಸುಧಾರಣೆಗೆಂದು ನೇಮಿಸಿದ ಎಷರ್ ಸಮಿತಿಯ ಮಾತಿನಂತೆ ಕಮಾಂಡರ್-ಇನ್-ಚೀಫ್ ಹುದ್ದೆಯನ್ನೇ ರದ್ದು ಮಾಡಿದರು. ಅವನಿಗೆ ಸಿಕ್ಕಿದ್ದು ಸೈನ್ಯವನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕೆಲಸ. ಆಮೇಲೆ ಮೆಡಿಟರೇನಿಯನ್‌ನಲ್ಲೊಂದು ಹುದ್ದೆ. ಅದು ಬರೀ ಹೆಸರಿನದೆಂದು 1909ರಲ್ಲಿ ತಾನಾಗಿಯೇ ಬಿಟ್ಟ.

ಅಭ್ಯಾಸ ಮಾತ್ರ ಬಿಡಲಿಲ್ಲ. 1911ರಿಂದ 1916ರವರೆಗೆ ಕೆನಡಾದ ಗವರ್ನರ್ ಜನರಲ್ ಆಗಿದ್ದಾಗ ಮಹಾಯುದ್ಧ ಬಂತು. ಈತ ಫೀಲ್ಡ್ ಮಾರ್ಷಲ್ ಸಮವಸ್ತ್ರ ತೊಟ್ಟು ತರಬೇತಿ ಶಿಬಿರಗಳನ್ನು ಸುತ್ತತೊಡಗಿದ. ಅಲಂಕಾರದ ಹುದ್ದೆಯವನಿಗೆ ಇದೇಕೆ ಎಂದು ಅಲ್ಲಿಯವರು ಗೊಣಗಿದರು.

1921ರಲ್ಲಿ ಭಾರತಕ್ಕೆ ಬಂದಾಗ ಅವನಿಗೆ ಎಪ್ಪತ್ತು. ಬರಬೇಕಿದ್ದವನು ಯುವರಾಜ, ಅವನ ಬದಲಿಗೆ ಬಂದವನು ಈತ. ಅಸಹಕಾರ ಚಳವಳಿ ಬಿರುಸಾಗಿತ್ತು. ನಿಮ್ಮ ಮೇಲೆ ನಮಗೆ ವೈಯಕ್ತಿಕ ದ್ವೇಷವಿಲ್ಲ ಎಂದು ಗಾಂಧೀಜಿ ಬಹಿರಂಗ ಪತ್ರ ಬರೆದೇ ಬಹಿಷ್ಕಾರಕ್ಕೆ ನಿಂತಿದ್ದರು. ಫೆಬ್ರವರಿ 9ರಂದು ಹೊಸ ಶಾಸನಸಭೆಗಳನ್ನು ಉದ್ಘಾಟಿಸುತ್ತ ಆರ್ಥರ್, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ನೆನೆದು, ಅಮೃತಸರದ ನೆರಳು ಭಾರತದ ಮೇಲೆ ಉದ್ದಕ್ಕೆ ಚಾಚಿದೆ ಎಂದ. ಕ್ಷಮೆ ಕೇಳಲಿಲ್ಲ, ಕ್ಷಮಿಸಬೇಕಾದಲ್ಲಿ ಕ್ಷಮಿಸಿ ಎಂದು ಎರಡೂ ಕಡೆಯವರಿಗೆ ಹೇಳಿದ. ಸೈನಿಕನ ಬಾಯಲ್ಲಿ ಅಷ್ಟಾದರೂ ಬಂತಲ್ಲ ಎನ್ನಬಹುದು. ಸತ್ತವರ ಮನೆಯವರಿಗೆ ಅದು ಸಾಕಾಗಲಿಲ್ಲ ಎನ್ನುವುದೂ ನಿಜ. ಮರುದಿನ ಇಂಡಿಯಾ ಗೇಟ್‌ಗೆ, 12ರಂದು ಸಂಸತ್ ಭವನಕ್ಕೆ, ಅಂದರೆ ಈಗ ಹಳೆಯದಾದ ಆ ದುಂಡು ಕಟ್ಟಡಕ್ಕೆ, ಅವನೇ ಅಡಿಗಲ್ಲಿಟ್ಟ. ಅವನ ಹೆಸರಿನ ಮಾರುಕಟ್ಟೆ ಎದ್ದದ್ದು ಆಮೇಲೆ, 1933ರ ಹೊತ್ತಿಗೆ.

1942ರ ಜನವರಿ 16ರಂದು ಸರ್ರೆಯ ಬ್ಯಾಗ್‌ಶಾಟ್ ಪಾರ್ಕ್‌ನಲ್ಲಿ ತೀರಿಕೊಂಡಾಗ ಅವನಿಗೆ ತೊಂಬತ್ತೊಂದು. ಆ ಮನೆಯ ಬಿಲಿಯರ್ಡ್ಸ್ ಕೋಣೆಯ ಗೋಡೆಗಳಿಗೆ ಲಾಹೋರಿನ ಭಾಯಿ ರಾಮ್ ಸಿಂಗ್ ವಿನ್ಯಾಸದ ಕೆತ್ತನೆಯ ಮರವಿದೆ. ಈಗ ಅಲ್ಲಿ ವಾಸವಿರುವವನು ದೊರೆ ಚಾರ್ಲ್ಸ್‌ನ ತಮ್ಮ ಎಡ್ವರ್ಡ್. 1987ರಲ್ಲಿ ರಾಯಲ್ ಮರೀನ್ಸ್ ತರಬೇತಿಯನ್ನು ಅರ್ಧದಲ್ಲೇ ಬಿಟ್ಟು ಬಂದವನು ಅವನೇ.