ಹೊಳೆ ಈಗ ಯಾವ ಕಡೆ ಹರಿಯುತ್ತಾ ಉಂಟು?

ತರಗತಿಯ ಹೊರಗೆ ಪಾಠ ಮಾಡುವುದು ಹೇಗೆ ಅಂತ ನಾನು ಕೊಡುವ ತರಬೇತಿಗೆ ಬರುವ ಶಿಕ್ಷಕರು ಮೊದಲು ಮಾತೆತ್ತುವುದೇ ಬಸ್ಸಿನ ಬಗ್ಗೆ. "ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗುವಷ್ಟು ದುಡ್ಡು ನಮ್ಮ ಶಾಲೆಯಲ್ಲಿ ಇಲ್ಲ ಸರ್." ಹೊರಗೆ ಪಾಠ ಅಂದರೆ ಬಸ್ಸು, ಬಿಸ್ಕೆಟು, ಗ್ರೂಪ್ ಫೋಟೋ ಅಂತ ತಲೆಯಲ್ಲಿ ಕೂತಿದೆ. ಅದನ್ನು ಹೇಗೋ ಬಿಡಿಸಬಹುದು. ಬಿಡಿಸಲು ಆಗದ್ದು ಹೊರಗೆ ಹೋದ ಮೇಲೂ ಭಾಷಣ ಮಾಡುವ ಚಾಳಿ.

ಒಮ್ಮೆ ಒಂದು ಶಾಲೆಯವರ ಜೊತೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲುಕಂಬಗಳು. ಟೀಚರ್ ರಾತ್ರಿಯೆಲ್ಲ ಓದಿಕೊಂಡು ಬಂದಿದ್ದರು, ಪಾಪ. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ಕೂರಿಸಿ, ಲಾವಾ ಆರಿದ್ದು, ಕುಗ್ಗಿದ್ದು, ಬಿರುಕು ಬಿಟ್ಟಿದ್ದು ಎಲ್ಲ ಅರ್ಧ ಗಂಟೆ ಹೇಳಿದರು. ಹಿಂದೆ ಕೂತ ಹುಡುಗನೊಬ್ಬ ಒಂದು ಕಂಬದ ತಲೆಯ ಮೇಲೆ ಬೆರಳಾಡಿಸಿ ಮೂಲೆ ಎಣಿಸುತ್ತಿದ್ದ. ಐದು. ಪಕ್ಕದ್ದಕ್ಕೆ ಆರು. "ಏ ಮಾರಾಯ, ಇಲ್ಲಿ ಕೇಳು!" ಅಂತ ಗದರಿಕೆ ಬಿತ್ತು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

ಒಂದೇ ಮಾತನ್ನು ನಾನು ಹತ್ತು ಸಲ ಹೇಳುತ್ತೇನೆ. ತರಗತಿಯಲ್ಲಿ ಹೇಳಬಹುದಾದದ್ದನ್ನು ತರಗತಿಯಲ್ಲೇ ಹೇಳಿ. ಅಲ್ಲಿ ಫ್ಯಾನ್ ಉಂಟು, ಬೋರ್ಡ್ ಉಂಟು. ಹೊರಗೆ ಹೋಗುವಾಗ ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ಅದರ ಉತ್ತರ ಆ ಜಾಗದಲ್ಲೇ ಸಿಗಬೇಕು, ಪುಸ್ತಕದಲ್ಲಿ ಸಿಗಬಾರದು. "ಇದು ಯಾವ ಮರ?" ಅಂತ ಕೇಳಿದರೆ ಹೆಸರು ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ನೆಲ ನೋಡುತ್ತಾನೆ. ಮರವನ್ನು ಇಬ್ಬರೂ ನೋಡುವುದಿಲ್ಲ. "ಯಾವ ಬದಿಗೆ ಪಾಚಿ ಜಾಸ್ತಿ?" ಅಂತ ಕೇಳಿದರೆ ಒಂದು ಸುತ್ತು ಹಾಕಲೇಬೇಕು, ಅಲ್ವಾ? ಮಕ್ಕಳು ಜಗಳ ಆಡುತ್ತಾರೆ. ಆಡಲಿ, ನೀವು ಸುಮ್ನೆ ನಿಲ್ಲಿ. ಎರಡು ನಿಮಿಷ ಬಾಯಿ ಮುಚ್ಚಿ ನಿಲ್ಲುವುದು ಎಷ್ಟು ಕಷ್ಟ ಅಂತ ಗೊತ್ತು. ನಾನೂ ಪಾಠ ಮಾಡಿದವನೇ.

ಅದಕ್ಕೇ ಬೇಸಿಗೆಯ ತರಬೇತಿಯಲ್ಲಿ ಮೊದಲು ಶಿಕ್ಷಕರನ್ನು ಮಂಗಳೂರಿನಲ್ಲಿ ಗುರುಪುರ ಹೊಳೆಯ ಸುಲ್ತಾನ್ ಬತ್ತೇರಿ ಕಡವಿಗೆ, ಅಂದರೆ ದೋಣಿಗಟ್ಟೆಗೆ, ಕರೆದುಕೊಂಡು ಹೋಗುತ್ತೇನೆ, ಭರತ, ಅಂದರೆ ಸಮುದ್ರದ ಉಬ್ಬರ, ಏರುವ ಹೊತ್ತು ನೋಡಿಕೊಂಡು. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಹೋದ ವಾರದ ಟೈಮ್‌ಟೇಬಲ್ ನಡೆಯುವುದಿಲ್ಲ. "ಹೊಳೆ ಈಗ ಯಾವ ಕಡೆ ಹರಿಯುತ್ತಾ ಉಂಟು?" ಅಂತ ಕೇಳುತ್ತೇನೆ. "ಸಮುದ್ರಕ್ಕೆ ಸರ್," ಎಲ್ಲರೂ ಒಟ್ಟಿಗೆ. ಆಗ ತೆಂಗಿನ ಸಿಪ್ಪೆಯೊಂದನ್ನು ನೀರಿಗೆ ಹಾಕುತ್ತೇವೆ. ಅದು ಒಂದು ಕ್ಷಣ ನಿಂತು, ಹೊಳೆ ಸಮುದ್ರ ಸೇರುವ ಅಳಿವೆಗೆ ಬೆನ್ನು ಹಾಕಿ, ಹೊಳೆಯ ಮೇಲ್ಭಾಗದ ಕೂಳೂರಿನ ಕಡೆಗೆ ಹೊರಡುತ್ತದೆ. ಹೊಳೆಯ ಪಕ್ಕದಲ್ಲೇ ಬೆಳೆದವರೂ ಬಾಯಿ ಬಿಟ್ಟು ನೋಡುತ್ತಾರೆ.

ಒಮ್ಮೆ ಗಣಿತದ ಮೇಷ್ಟ್ರೊಬ್ಬರು, "ಅದು ಗಾಳಿಗೆ ಹೋದದ್ದು" ಅಂದರು. ಒಳ್ಳೆಯ ಸಂಶಯ. ಗಾಳಿಯೋ ನೀರೋ, ತಿಳಿಯುವುದು ಹೇಗೆ? ನಾನು ಹೇಳಲಿಲ್ಲ. ಕೊನೆಗೆ ಅವರೇ ತಮ್ಮ ಬಾಟಲಿಗೆ ಕುತ್ತಿಗೆವರೆಗೆ ನೀರು ತುಂಬಿ, ದಾರ ಕಟ್ಟಿ ಬಿಟ್ಟರು. ಮುಚ್ಚಳವಷ್ಟೇ ಮೇಲೆ, ಗಾಳಿಗೆ ಹಿಡಿಯಲು ಏನೂ ಇಲ್ಲ. ಬಾಟಲಿಯೂ ಕೂಳೂರಿನ ಕಡೆಗೇ ದಾರ ಎಳೆಯಿತು.

ಪೇಟೆಯ ಶಾಲೆಗೆ ಹೊಳೆ ಇಲ್ಲದಿದ್ದರೆ ಹಂಚು ಉಂಟು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹಳೆ ಹಂಚುಗಳಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ನಮ್ಮ ಬೀದಿಯಲ್ಲಿ ಎಷ್ಟು ಕಾರ್ಖಾನೆಗಳ ಹಂಚು ಉಂಟು ಅಂತ ಮಕ್ಕಳು ಹುಡುಕಲಿ.

ಎಚ್ಚರಿಕೆಯ ಮಾತು ಹೇಳಲೇಬೇಕು. ಎಲ್ಲ ಜಾಗವೂ ಎಲ್ಲ ಮಕ್ಕಳಿಗೂ ಸರಿಯಲ್ಲ. ಮೊದಲು ನೀವೊಬ್ಬರೇ ಹೋಗಿ ನೋಡಿ, ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೇ ಹೋಗಿ. ನೀರಿನ ಹತ್ತಿರ ನೀವೊಬ್ಬರೇ ಸಾಲದು. ಮಳೆಗಾಲದಲ್ಲಿ ತೋಡು, ಹೊಳೆ ಬೇಡ. ನೀರು ತುಂಬಿದ ಕೆಂಪುಕಲ್ಲಿನ ಕೋರೆಯ ಹತ್ತಿರ ಯಾವತ್ತೂ ಬೇಡ.

ದ್ವೀಪದ ಆ ಟೀಚರ್ ಈಚೆಗೆ ಫೋನ್ ಮಾಡಿದ್ದರು. ಈ ಸಲ ಶಾಲೆಯ ಹಿಂದಿನ ಒಣಗಿದ ಗದ್ದೆಗೇ ಹೋದರಂತೆ. ಬಿರುಕು ಬಿಟ್ಟ ಕೆಸರಿನಲ್ಲಿ ಮಕ್ಕಳು ಮೂಲೆ ಎಣಿಸಿದರಂತೆ.

"ನಾನು ಮಾತಾಡಲೇ ಇಲ್ಲ ಸರ್," ಅಂದರು. ಸ್ವಲ್ಪ ತಡೆದು, "ಎರಡು ಸಲ ಮಾತ್ರ."