ಓದುಗರ ಪ್ರಶ್ನೆ: ಕಲ್ಲಿದ್ದಲು ಹೊರುತ್ತಿದ್ದ ಹುಡುಗ ಕ್ಯಾಪ್ಟನ್ ಕುಕ್ ಆದದ್ದು ಹೇಗೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ, ಅದೇ ತಪ್ಪನ್ನು ಹೊತ್ತುಕೊಂಡು. ಪೆಸಿಫಿಕ್ ಸಾಗರವನ್ನು ಶೋಧಿಸಿದ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಕಲ್ಲಿದ್ದಲು ಹೊರುವ ಕೂಲಿಯಾಗಿರಲಿಲ್ಲ. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

1746ರಲ್ಲಿ ಅವನು ಇಂಗ್ಲೆಂಡಿನ ವಿಟ್ಬಿಯಲ್ಲಿ ಜಾನ್ ವಾಕರ್ ಎಂಬ ಹಡಗು ಮಾಲೀಕರ ಬಳಿ ಮೂರು ವರ್ಷಕ್ಕೆ ಅಪ್ರೆಂಟಿಸ್ ಆಗಿ ಸೇರಿದ. ಊಟ, ವಸತಿ ಮಾಲೀಕರದ್ದೇ. ಮೊದಲ ಹಡಗು ಫ್ರೀಲವ್. ಟೈನ್ ನದಿಯ ಕಡೆಯಿಂದ ಲಂಡನ್ನಿಗೆ ಕಲ್ಲಿದ್ದಲು ಸಾಗಿಸುತ್ತಿತ್ತು.

ಹಡಗು ಕಲ್ಲಿದ್ದಲಿನದು, ಹಾಗಾಗಿ ಹುಡುಗನೂ ಮೂಟೆ ಹೊತ್ತಿರಬೇಕು ಅಂತ ಸುಮ್ನೆ ಊಹಿಸಿಕೊಳ್ಳುತ್ತಾರೆ. ಟೈನ್ ನದಿಯಲ್ಲಿ ಆ ಕೆಲಸಕ್ಕೇ ಕೀಲ್‌ಮನ್ ಎಂಬ ದೋಣಿಯವರಿದ್ದರು. ಅವರು ಚಪ್ಪಟೆ ದೋಣಿಯಲ್ಲಿ ಕಲ್ಲಿದ್ದಲು ತಂದು ಸಲಿಕೆಯಿಂದ ಹಡಗಿಗೆ ತುಂಬುತ್ತಿದ್ದರು. ಲಂಡನ್ನಿನಲ್ಲಿ ಇಳಿಸಿಕೊಳ್ಳಲು ಬೇರೆ ಕೂಲಿಯವರಿದ್ದರು. ಅಪ್ರೆಂಟಿಸ್ ಕಲಿಯಬೇಕಿದ್ದದ್ದು ಹಡಗು ನಡೆಸುವುದನ್ನು.

ಅದೂ ಎಂಥ ಕಡಲಲ್ಲಿ! ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ನೀರಿನಡಿಯ ಮರಳ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಉಬ್ಬರ, ಇಳಿತ, ಮಂಜು ಬೇರೆ. ಅಲ್ಲಿ ನಾವಿಕನಿಗೆ ಕಣ್ಣು ಅಂದರೆ ಆಳ ಅಳೆಯಲು ನೀರಿಗೆ ಇಳಿಬಿಡುವ, ಸೀಸದ ಗುಂಡು ಕಟ್ಟಿದ ಹಗ್ಗ. ಐದು ಮಾರಿನ (ಒಂದು ಮಾರು ಅಂದರೆ ಆರು ಅಡಿ) ಗುರುತಿಗೆ ಬಿಳಿ ಬಟ್ಟೆ, ಹತ್ತಕ್ಕೆ ತೂತಿರುವ ಚರ್ಮದ ತುಂಡು. ಕತ್ತಲಲ್ಲಿ ಮುಟ್ಟಿಯೇ ಆಳ ಹೇಳಬೇಕಿತ್ತು. ಗುಂಡಿನ ತಳದ ಗುಳಿಯಲ್ಲಿ ಕೊಬ್ಬು ಮೆತ್ತಿರುತ್ತಿದ್ದರು. ಅದಕ್ಕಂಟಿ ಬಂದದ್ದು ಮರಳೋ, ಕೆಸರೋ, ಚಿಪ್ಪಿನ ಚೂರೋ ನೋಡಿ ಹಡಗು ಎಲ್ಲಿದೆ ಅಂತ ಪಳಗಿದವರು ಗುರುತಿಸುತ್ತಿದ್ದರು. ಇದು ಕೂಲಿ ಕೆಲಸ ಅಲ್ಲ, ಅಲ್ವಾ? ಇಂಥ ಕಲಿಕೆ ಜೊತೆಗಿದ್ದವನು ಮುಂದೆ ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕರಾವಳಿಯ ನಕ್ಷೆ ಮಾಡಿದ್ದರಲ್ಲಿ ಅಚ್ಚರಿ ಏನಿದೆ?

1755ರಲ್ಲಿ ವಾಕರ್ ಅವರು ಒಂದು ಹಡಗನ್ನೇ ಅವನ ಕೈಗೆ ಒಪ್ಪಿಸಲು ಮುಂದಾದರು. ಅವನು ಅದನ್ನು ಬಿಟ್ಟು ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿದ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ಆದರೆ ನನಗೆ ಅದೇ ಜಾಸ್ತಿ ಇಷ್ಟ. 1768ರಲ್ಲಿ ಕುಕ್‌ನ ಪೆಸಿಫಿಕ್ ಯಾನಕ್ಕೆ ನೌಕಾಪಡೆ ಆರಿಸಿದ ಎಂಡೆವರ್ ಕೂಡ ವಿಟ್ಬಿಯಲ್ಲಿ ಕಟ್ಟಿದ ಕಲ್ಲಿದ್ದಲು ಹಡಗೇ. ಮೊದಲ ಹೆಸರು ಅರ್ಲ್ ಆಫ್ ಪೆಂಬ್ರೋಕ್. ದುಡ್ಡು ಉಳಿಸಲು ಹಳೇ ಹಡಗು ಕೊಟ್ಟದ್ದಲ್ಲ, ಅದು ಕಟ್ಟಿದ್ದು 1764ರಲ್ಲಿ. ಹೊಟ್ಟೆ ಅಗಲ, ಆಹಾರ ಜಾಸ್ತಿ ಹಿಡಿಸುತ್ತದೆ. ತಳ ಚಪ್ಪಟೆ. 1770ರ ಜೂನ್‌ನಲ್ಲಿ ಅದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಬಡಿದು ತೂತಾಯಿತು. ಫಿರಂಗಿಗಳನ್ನೇ ಸಮುದ್ರಕ್ಕೆ ಎಸೆದು ಹಗುರ ಮಾಡಿ ಬಿಡಿಸಿಕೊಂಡರು. ಆಮೇಲೆ ಒಂದು ನದಿಯ ದಡಕ್ಕೆ ಹಡಗನ್ನು ಎಳೆದು, ನೀರಿಳಿದಾಗ ತಳ ರಿಪೇರಿ ಮಾಡಿದರು. ಚೂಪು ತಳದ ಹಡಗಾಗಿದ್ದರೆ ಅದನ್ನು ಹಾಗೆ ದಡಕ್ಕೆ ಹತ್ತಿಸುವುದು ತುಂಬಾ ಕಷ್ಟವಾಗುತ್ತಿತ್ತು.